ಸೊಂಟ ಮುರಿದ ಅಮ್ಮ, ಎರಡು ಆಸ್ಪತ್ರೆ, 55 ಗಂಟೆ

ಅಮ್ಮ ಬಿದ್ದದ್ದು ಮಳೆಗಾಲದ ನಡುವಿನ ಆಟಿ ತಿಂಗಳ ಒಂದು ಶನಿವಾರ, ಬೆಳಿಗ್ಗೆ 6.40ಕ್ಕೆ. ನಾನು ಉಡುಪಿ ಜಿಲ್ಲೆಯ ಉಚ್ಚಿಲದ ಕಡೆ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಸಮಯ, ಹಣ ಎರಡನ್ನೂ ಗುರುತು ಹಾಕಿಕೊಳ್ಳುವುದು ಅಭ್ಯಾಸ. ಆ ವಾರವಿಡೀ ಡೈರಿಯಲ್ಲಿ ಬರೆದುಕೊಂಡದ್ದನ್ನು ಎದುರಿಗಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ಎರಡೂ ಆಸ್ಪತ್ರೆಗಳ ಹೆಸರನ್ನು ಬಿಟ್ಟಿದ್ದೇನೆ. ಮೊದಲನೆಯದರ ಮೇಲೆ ನನಗೆ ದೂರಿದೆ, ಎರಡನೆಯದರಲ್ಲಿಯೂ ಕುಂದುಗಳಿದ್ದವು. ಓದುವವರಿಗೆ ಬೇಕಾದದ್ದು ಹೆಸರಲ್ಲ, ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತಿದರೂ ಮೊದಲ ಅರ್ಧ ಗಂಟೆಯಲ್ಲಿ ಏನು ಕೇಳಬೇಕು ಎಂಬುದು.

ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಪಾಚಿ ಹಿಡಿಯುತ್ತದೆ. ನಡೆಯುವ ದಾರಿಗೆ ತೆಂಗಿನ ಮಡಲು ಹಾಸಿರುತ್ತೇವೆ. ತುಳಸಿಕಟ್ಟೆಯ ಬಳಿ ಹಾಸಿದ್ದ ಮಡಲು ಕೊಳೆತು ಜಾರುತ್ತಿತ್ತು, ಬದಲಾಯಿಸಬೇಕು ಎಂದು ಎರಡು ದಿನದಿಂದ ಅಂದುಕೊಳ್ಳುತ್ತಿದ್ದೆ. ಅಮ್ಮ ದಾಸವಾಳ ಕೊಯ್ಯಲು ಹೋಗಿ ಬಲಮಗ್ಗುಲಾಗಿ ಬಿದ್ದರು. ನಾನು ಓಡಿ ಹೋಗುವಾಗ ಕೈಯಲ್ಲಿ ಹೂವು ಹಾಗೆಯೇ ಇತ್ತು. ಬಲಗಾಲು ಎಡಗಾಲಿಗಿಂತ ಎರಡು ಬೆರಳು ಗಿಡ್ಡವಾಗಿ ಕಾಣುತ್ತಿತ್ತು, ಪಾದ ಪೂರ್ತಿ ಹೊರಕ್ಕೆ ವಾಲಿತ್ತು. ವಯಸ್ಸಾದವರು ಬಿದ್ದ ಮೇಲೆ ಕಾಲು ಹೀಗೆ ಕಂಡರೆ ಎಕ್ಸ್‌ರೇಗೆ ಮೊದಲೇ ತಿಳಿದುಕೊಳ್ಳಬಹುದು, ಮುರಿದದ್ದು ಸೊಂಟದ ಕೀಲಿನ ಬಳಿ. ಎಬ್ಬಿಸಿ ನಡೆಸಲು ಹೋಗಬಾರದು. ಪಕ್ಕದ ಮನೆಯವರು ಬಾಗಿಲೊಂದನ್ನು ಕಳಚಿ ತಂದರು, ಅದರ ಮೇಲೆ ಮಲಗಿಸಿಯೇ ಎತ್ತಿದೆವು.

ಅಮ್ಮನಿಗೆ 78 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೆವು. ರಕ್ತ ಹೆಪ್ಪುಗಟ್ಟದಂತೆ ದಿನವೂ ಕ್ಲೋಪಿಡೋಗ್ರೆಲ್ ಮಾತ್ರೆ ನುಂಗುತ್ತಾರೆ. ಈ ಮಾತ್ರೆಯೇ ಮುಂದಿನ ಕಥೆಯ ಅರ್ಧ ಭಾಗ.

ಮನೆಗೆ ಹತ್ತಿರವೆಂದು ಮೊದಲು ಒಂದು ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೆಳಿಗ್ಗೆ 8.15ಕ್ಕೆ ಸೇರಿಸಿಕೊಂಡರು. ಎಕ್ಸ್‌ರೇ ಬೇಗ ಆಯಿತು. ತೊಡೆಮೂಳೆಯ ಕುತ್ತಿಗೆ ಮುರಿದಿದೆ, ತುಂಡು ಜಾರಿದೆ ಎಂದರು. ಅಲ್ಲಿಂದ ಮುಂದೆ ಎಲ್ಲವೂ ನಿಂತುಹೋಯಿತು. ಹೃದಯ ತಜ್ಞರು ಬರುವುದು ಸೋಮವಾರ. ಅವರು ನೋಡಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸಿ ಏಳು ದಿನ ಕಾಯಬೇಕು, ಆಮೇಲೆ ಆಪರೇಷನ್ ದಿನ ಗೊತ್ತು ಮಾಡುತ್ತೇವೆ ಎಂದರು. ಅಲ್ಲಿಯವರೆಗೆ ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ತುದಿಯಿಂದ ಮೂರು ಕಿಲೋ ಭಾರ ಇಳಿಬಿಟ್ಟರು. ಯಾರೂ ಒರಟಾಗಿ ಮಾತನಾಡಲಿಲ್ಲ. ಎಲ್ಲರೂ ಮೆತ್ತಗೆ, ಗೌರವದಿಂದಲೇ ನಡೆದುಕೊಂಡರು. ಆದರೆ ಸೊಂಟ ಮುರಿದವರಿಗೆ ಕಾಯುವುದೇ ಇನ್ನೊಂದು ಕಾಯಿಲೆ ಎಂಬುದು ಅಲ್ಲಿ ಯಾರ ಮುಖದಲ್ಲೂ ಕಾಣಲಿಲ್ಲ.

ಆ ರಾತ್ರಿ ಅಮ್ಮ ನಿದ್ದೆ ಮಾಡಲಿಲ್ಲ. ಮಗ್ಗುಲು ತಿರುಗಿಸಲು ಹೋದರೆ ಉಸಿರು ಕಟ್ಟಿದಂತೆ ಕೂಗುತ್ತಿದ್ದರು, ಹಾಗಾಗಿ ನರ್ಸ್ ತಿರುಗಿಸುವುದನ್ನೇ ಬಿಟ್ಟರು. ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯಲು ಒಪ್ಪಲಿಲ್ಲ. ಭಾನುವಾರ ಮಧ್ಯಾಹ್ನ ಹಿಮ್ಮಡಿ ನೋಡಿದೆ, ನಾಲ್ಕಾಣೆಯಷ್ಟು ಅಗಲಕ್ಕೆ ಕೆಂಪಾಗಿತ್ತು. ಬೆರಳಿನಿಂದ ಒತ್ತಿದರೂ ಆ ಕೆಂಪು ಮರೆಯಾಗುತ್ತಿರಲಿಲ್ಲ. ಹಾಸಿಗೆ ಹುಣ್ಣು ಶುರುವಾಗುವುದು ಹೀಗೆಯೇ. ಒಂದೂವರೆ ದಿನಕ್ಕೆ ಇಷ್ಟಾದರೆ ಒಂಬತ್ತು ದಿನ ಹೀಗೆ ಮಲಗಿದ ಮೇಲೆ ಉಳಿಯುವುದು ಏನು? ಭಾರ ಕಟ್ಟುವ ವಿಷಯವನ್ನೂ ಹೇಳಿಬಿಡುತ್ತೇನೆ. ಆಪರೇಷನ್‌ಗೆ ಮೊದಲು ವಾಡಿಕೆಯಂತೆ ಹೀಗೆ ಕಾಲು ಎಳೆದು ಕಟ್ಟುವುದರಿಂದ ನೋವು ಕಡಿಮೆಯಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಮ್ಮನಿಗಂತೂ ಅದರಿಂದ ಒಂದು ಕ್ಷಣದ ಸುಖವೂ ಸಿಗಲಿಲ್ಲ.

ನೆಂಟರ ಫೋನುಗಳು ಶುರುವಾಗಿದ್ದವು. ಈ ವಯಸ್ಸಿನಲ್ಲಿ ಕುಯ್ಯಿಸುವುದು ಯಾಕೆ, ಎಲುಬು ಕಟ್ಟುವವರಿದ್ದಾರೆ, ಎಣ್ಣೆ ಹಚ್ಚಿ ಪಟ್ಟು ಹಾಕುತ್ತಾರೆ ಎಂದು ಇಬ್ಬರು ಹೇಳಿದರು. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಕೈ ಮುರಿದಂತೆ ಅಲ್ಲ ಇದು. ಜಾರಿದ ಸೊಂಟದ ಮೂಳೆಗೆ ಹೊರಗಿನಿಂದ ಪಟ್ಟು ನಿಲ್ಲುವುದಿಲ್ಲ. ಮಲಗಿಸಿಬಿಟ್ಟರೆ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ. ಸೊಂಟ ಮುರಿದ ವೃದ್ಧರಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಹಲವು ದೇಶಗಳ ಲೆಕ್ಕ ಹೇಳುತ್ತದೆ. ನಮ್ಮ ಅಜ್ಜಿ ತೀರಿಕೊಂಡದ್ದೂ ಹೀಗೆಯೇ, ಬಿದ್ದು ಮೂರು ತಿಂಗಳಿಗೆ. ಆಗ ಎಲ್ಲರೂ ವಯಸ್ಸಾಗಿತ್ತು ಎಂದರು.

ಭಾನುವಾರ ಸಂಜೆ 5.30ಕ್ಕೆ, ನಮ್ಮ ಜವಾಬ್ದಾರಿ ಎಂದು ಸಹಿ ಹಾಕಿ ಆಂಬುಲೆನ್ಸ್‌ನಲ್ಲಿ ಮಂಗಳೂರಿಗೆ ಹೊರಟೆವು. ಹೆದ್ದಾರಿ 66ರಲ್ಲಿ ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಕೂಳೂರು ಸೇತುವೆಯ ಹತ್ತಿರ ವಾಹನಗಳ ಸಾಲಿನಲ್ಲಿ ಹದಿನೈದು ನಿಮಿಷ ಸಿಕ್ಕಿಕೊಂಡೆವು. ಮಳೆಗೆ ರಸ್ತೆಯಲ್ಲಿ ಬಿದ್ದಿದ್ದ ಪ್ರತಿಯೊಂದು ಹೊಂಡವೂ ಅಮ್ಮನ ಮುಖದಲ್ಲಿ ತಿಳಿಯುತ್ತಿತ್ತು. ಚಾಲಕ ನಮ್ಮ ಮಾತಿಗೆ ಕಾಯದೆ ತಾನಾಗಿಯೇ ಹೊಂಡ ಕಂಡಲ್ಲಿ ವೇಗ ತಗ್ಗಿಸುತ್ತಿದ್ದ. ಅವನಿಗೆ ಪೂರ್ತಿ ಅಂಕ.

ಎರಡನೆಯ ಆಸ್ಪತ್ರೆಗೆ ತಲುಪಿದ್ದು 7.10ಕ್ಕೆ. ಅಲ್ಲಿ ಮೊದಲು ನಡೆದದ್ದು ಎಕ್ಸ್‌ರೇಯೂ ಅಲ್ಲ, ಹಣ ಕಟ್ಟುವುದೂ ಅಲ್ಲ. ಅರಿವಳಿಕೆ ವಿಭಾಗದ ಯುವ ವೈದ್ಯೆಯೊಬ್ಬರು ಸ್ಕ್ಯಾನ್ ಮಾಡುವ ಸಣ್ಣ ಉಪಕರಣವನ್ನು ಅಮ್ಮನ ತೊಡೆಸಂದಿಯ ಮೇಲಿಟ್ಟು, ಪರದೆ ನೋಡುತ್ತಾ ನರದ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಇಪ್ಪತ್ತೈದು ನಿಮಿಷ ಕಳೆಯಿತು. ನಾನು ಅಮ್ಮನ ಹುಬ್ಬುಗಳನ್ನೇ ನೋಡುತ್ತಾ ನಿಂತಿದ್ದೆ. ಶನಿವಾರ ಬೆಳಿಗ್ಗೆಯಿಂದ ಗಂಟಿಕ್ಕಿದ್ದ ಹುಬ್ಬುಗಳು ಒಂದೊಂದಾಗಿ ಸಡಿಲವಾದವು. ಬಾಯಿ ತೆರೆದು ನೀರು ಕೇಳಿದರು. ಒಂದು ಲೋಟ ಪೂರ್ತಿ ಕುಡಿದು, ಗಂಜಿ ಸಿಗುತ್ತದೆಯೇ ಎಂದು ಕೇಳಿದರು. ಈ ಒಂದು ಚುಚ್ಚುಮದ್ದಿಗಾಗಿ ನಾವು 36 ಗಂಟೆಗೂ ಹೆಚ್ಚು ಕಾದಿದ್ದೆವು ಎಂದು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಸೊಂಟ ಮುರಿದವರನ್ನು ಸೇರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನರಕ್ಕೆ ಕೊಡುವ ನೋವಿನ ಚುಚ್ಚುಮದ್ದು ನಿಮ್ಮಲ್ಲಿದೆಯೇ, ಈಗಲೇ ಕೊಡುತ್ತೀರಾ?

ಎರಡನೆಯ ಪ್ರಶ್ನೆ ಮಾತ್ರೆಯದು: ಅದರ ಪ್ರಭಾವ ಇಳಿಯುವವರೆಗೆ ಕಾಯದೆ ಆಪರೇಷನ್ ಮಾಡಲು ದಾರಿಯಿದೆಯೇ? ಬೆನ್ನಿಗೆ ಅರಿವಳಿಕೆ ಚುಚ್ಚುವಾಗ ಕ್ಲೋಪಿಡೋಗ್ರೆಲ್ ಪ್ರಭಾವ ದೇಹದಲ್ಲಿದ್ದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟುವ ಅಪಾಯವಿದೆ. ಆ ಪ್ರಭಾವ ಇಳಿಯಲು ಐದರಿಂದ ಏಳು ದಿನ ಬೇಕು. ಮೊದಲ ಆಸ್ಪತ್ರೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಬೆನ್ನಿಗೆ ಚುಚ್ಚದೆ ಪೂರ್ಣ ಅರಿವಳಿಕೆ ಕೊಡಬಹುದಲ್ಲ! ಇಲ್ಲಿನ ಶಸ್ತ್ರಚಿಕಿತ್ಸಕರು ಅದನ್ನೇ ಹೇಳಿದರು. ರಕ್ತ ಸ್ವಲ್ಪ ಹೆಚ್ಚು ಹೋಗಬಹುದು, ಒಂದೆರಡು ಬಾಟಲಿ ತಯಾರಿಟ್ಟುಕೊಳ್ಳುತ್ತೇವೆ, ಆದರೆ ಏಳು ದಿನ ಮಲಗಿಸುವ ಅಪಾಯ ಅದಕ್ಕಿಂತ ದೊಡ್ಡದು ಎಂದರು. ಹೃದಯದ ಎಕೋ ಪರೀಕ್ಷೆ ಅದೇ ರಾತ್ರಿ ಮಂಚದ ಪಕ್ಕದಲ್ಲಿಯೇ ನಡೆಯಿತು. ಭಾನುವಾರ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಬೇಗ ಎಂದರೆ ಎಷ್ಟು ಬೇಗ ಎಂದು ಆಮೇಲೆ ನಾನು ಹುಡುಕಿ ಓದಿದೆ. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಭಾರತವೂ ಸೇರಿ 17 ದೇಶಗಳ 2,970 ರೋಗಿಗಳಿದ್ದರು. ಒಂದು ಗುಂಪಿಗೆ ಸುಮಾರು ಆರು ಗಂಟೆಯಲ್ಲಿ, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ ಆಪರೇಷನ್ ಆಯಿತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಮಾಡಿಸಿಕೊಂಡವರಲ್ಲಿ ಬುದ್ಧಿ ಕಲಕುವುದು ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು. ಆದ್ದರಿಂದ ಆರು ಗಂಟೆಗಾಗಿ ಯಾರೊಡನೆಯೂ ಜಗಳವಾಡಬೇಕಾಗಿಲ್ಲ. ಒಂದು ದಿನ, ಹೆಚ್ಚೆಂದರೆ ಎರಡು ದಿನ. ಇಂಗ್ಲೆಂಡಿನಲ್ಲಿ 2010ರಿಂದ ಒಂದು ಪದ್ಧತಿ ಇದೆ: ಸೊಂಟ ಮುರಿದವರಿಗೆ 36 ಗಂಟೆಯೊಳಗೆ ಆಪರೇಷನ್ ಮಾಡಿ, ಜೊತೆಗಿನ ಇನ್ನೂ ಕೆಲವು ಆರೈಕೆಗಳನ್ನು ಪೂರೈಸಿದರೆ ಆಸ್ಪತ್ರೆಗೆ ಹೆಚ್ಚಿನ ಹಣ ಸಿಗುತ್ತದೆ. ಲೆಕ್ಕದವಳಾದ ನನಗೆ ಇದು ಬಹಳ ಹಿಡಿಸಿತು. ಗಡಿಯಾರಕ್ಕೆ ಬೆಲೆ ಕಟ್ಟಿದ್ದಾರೆ.

ಸೋಮವಾರ ಬೆಳಿಗ್ಗೆ ವೈದ್ಯರು ಎಕ್ಸ್‌ರೇಯ ಲಕೋಟೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಸೊಂಟದ ಗುಂಡಿಯೊಳಗೆ ಕೂರುವ ಚೆಂಡಿಗೆ ರಕ್ತ ಹೋಗುವುದು ಬಹುಪಾಲು ಅದರ ಕುತ್ತಿಗೆಯ ಮೇಲೆ ಹರಿಯುವ ಸಣ್ಣ ನಾಳಗಳಿಂದ. ಕುತ್ತಿಗೆ ಮುರಿದು ಜಾರಿದರೆ ನಾಳಗಳು ಹರಿಯುತ್ತವೆ. ತೊಟ್ಟು ಕಳಚಿದ ಕಾಯಿಗೆ ಮರದ ನೀರು ಹೋದೀತೇ ಎಂದು ಕೇಳಿದರು. ಅಮ್ಮನಿಗೆ ತಟ್ಟನೆ ಅರ್ಥವಾಯಿತು. ಚಿಕ್ಕವರಾದರೆ ಸ್ಕ್ರೂ ಹಾಕಿ ಚೆಂಡನ್ನು ಉಳಿಸಲು ನೋಡುತ್ತಾರೆ. ವಯಸ್ಸಾದವರಲ್ಲಿ ಅದು ಸೋತು ಎರಡನೆಯ ಆಪರೇಷನ್ ಬೇಕಾಗುವ ಸಂಭವ ಹೆಚ್ಚು, ಆದ್ದರಿಂದ ಚೆಂಡನ್ನೇ ತೆಗೆದು ಲೋಹದ ಚೆಂಡು ಕೂರಿಸುತ್ತಾರೆ. ಮುರಿತ ಕುತ್ತಿಗೆಗಿಂತ ಕೆಳಗಿದ್ದರೆ ರಕ್ತದ ಹರಿವಿಗೆ ತೊಂದರೆಯಿಲ್ಲ, ಅಲ್ಲಿ ಮೂಳೆಯೊಳಗೆ ರಾಡ್ ಹಾಕಿ ಕೂಡಿಸುತ್ತಾರೆ. ನಮ್ಮ ಊರಿನಲ್ಲಿ ಒಬ್ಬರಿಗೆ ರಾಡ್ ಹಾಕಿದ್ದು, ಇನ್ನೊಬ್ಬರಿಗೆ ಬಾಲ್ ಬದಲಿಸಿದ್ದು ಯಾಕೆ ಎಂದು ಎಷ್ಟೋ ವರ್ಷದಿಂದ ಕೇಳುತ್ತಿದ್ದ ಚರ್ಚೆಗೆ ಅಂದು ನನಗೆ ಉತ್ತರ ಸಿಕ್ಕಿತು.

ಲೋಹದ ಕಾಂಡವನ್ನು ತೊಡೆಮೂಳೆಯೊಳಗೆ ಸಿಮೆಂಟ್ ಹಾಕಿ ಕೂರಿಸುತ್ತೇವೆ ಎಂದಾಗ ಅಮ್ಮ ಹೆದರಿದರು. ವೈದ್ಯರು ಲೋಟದಲ್ಲಿ ನೆನೆಸಿಟ್ಟಿದ್ದ ಅವರ ಹಲ್ಲಿನ ಸೆಟ್ ಕಡೆ ಕೈ ತೋರಿಸಿ, ಇದೂ ಅದೂ ಒಂದೇ ಜಾತಿಯ ಅಕ್ರಿಲಿಕ್ ಎಂದರು. ಸಿಮೆಂಟ್ ಹಾಕುವ ಕೆಲವು ನಿಮಿಷ ರಕ್ತದೊತ್ತಡ ಕುಸಿಯುವ ಸಾಧ್ಯತೆ ಇದೆ, ಹೃದಯದ ರೋಗಿಯಾದ್ದರಿಂದ ಆ ಹೊತ್ತಿಗೆ ಹಿರಿಯ ಅರಿವಳಿಕೆ ವೈದ್ಯರೇ ನಿಂತಿರುತ್ತಾರೆ ಎಂಬುದನ್ನೂ ಮರೆಮಾಚದೆ ಹೇಳಿದರು. ಸಿಮೆಂಟ್ ಇಲ್ಲದೆ ಮಾಡಿದರೆ, ಜಾಳಾದ ಮೂಳೆ ಆಮೇಲೆ ಸೀಳುವ ಭಯ ಹೆಚ್ಚಂತೆ. ಹೀಗೆ ಲಾಭ ನಷ್ಟ ಎರಡನ್ನೂ ರೋಗಿಯ ಎದುರಿನಲ್ಲಿಯೇ, ರೋಗಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದ್ದಕ್ಕೆ ನಾನು ಆ ವಿಭಾಗಕ್ಕೆ ಋಣಿ.

ಮಧ್ಯಾಹ್ನ 1.30ಕ್ಕೆ ಒಳಗೆ ಕರೆದುಕೊಂಡು ಹೋದರು. ಬಿದ್ದು 55 ಗಂಟೆಗೆ ಹತ್ತು ನಿಮಿಷ ಕಡಿಮೆ. ಈ ಎರಡನೆಯ ಆಸ್ಪತ್ರೆಗೆ ಸೇರಿ 18 ಗಂಟೆ 20 ನಿಮಿಷ. ಹೊರಗೆ ಬಂದದ್ದು 3.50ಕ್ಕೆ. ಮರುದಿನ ಹಿಮೋಗ್ಲೋಬಿನ್ 7.6ಕ್ಕೆ ಇಳಿದಿತ್ತು, ಒಂದು ಬಾಟಲಿ ರಕ್ತ ಕೊಟ್ಟರು. ಅಣ್ಣ ಮೊದಲೇ ರಕ್ತ ಕೊಟ್ಟು ಬಂದಿದ್ದ.

ಆ ಮಂಗಳವಾರ ಬೆಳಿಗ್ಗೆ 10.30ಕ್ಕೆ ಫಿಸಿಯೋಥೆರಪಿಯ ಹುಡುಗಿ ವಾಕರ್ ಹಿಡಿದು ಬಂದಾಗ ನಾನು ಬೇಡ ಎಂದು ತಡೆಯಲು ಹೋದೆ. ಆಪರೇಷನ್ ಆಗಿ ಇನ್ನೂ ಒಂದು ದಿನ ತುಂಬಿರಲಿಲ್ಲ. ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕಬಹುದು, ಹಾಕಲೇಬೇಕು ಎಂದಳು. ಅಮ್ಮ ಅವಳ ಭುಜ ಹಿಡಿದು ಎದ್ದು ನಿಂತರು, ಮೂರು ಹೆಜ್ಜೆ ಇಟ್ಟು ಕುರ್ಚಿಯಲ್ಲಿ ಕುಳಿತರು. ಕುಳಿತು ಮಾಡಿದ ಮೊದಲ ಕೆಲಸ, ಸೀರೆಯ ಸೆರಗಿಗಾಗಿ ತಡಕಾಡಿದ್ದು. ಮೈಮೇಲೆ ಇದ್ದದ್ದು ಆಸ್ಪತ್ರೆಯ ನಿಲುವಂಗಿ. ನಾನು ಹೆಗಲ ಮೇಲೆ ಒಂದು ಬೈರಾಸು ಹೊದಿಸಿದೆ.

ಬುಧವಾರ ರಾತ್ರಿ ಕಷ್ಟದ ರಾತ್ರಿ. ಒಂದು ಗಂಟೆಯ ಹೊತ್ತಿಗೆ ಅಮ್ಮ ಎದ್ದು ಕುಳಿತು, ಕೈಗೆ ಹಾಕಿದ್ದ ಸೂಜಿ ಕಿತ್ತು, ತುಳುವಿನಲ್ಲಿ "ಎಂಕ್ ಇಲ್ಲಡೆ ಪೋವೊಡು" (ನನಗೆ ಮನೆಗೆ ಹೋಗಬೇಕು) ಎಂದು ಮತ್ತೆ ಮತ್ತೆ ಹೇಳತೊಡಗಿದರು. ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅಪ್ಪನನ್ನು ಕರೆದು, ಗದ್ದೆಗೆ ನೀರು ನುಗ್ಗಿದೆ ಎಂದರು. ನನ್ನನ್ನು ಗುರುತಿಸಲಿಲ್ಲ. ಆ ಭಯವನ್ನು ಅನುಭವಿಸಿದವರೇ ಬಲ್ಲರು. ಕೈಕಟ್ಟಿ ಹಾಕುತ್ತಾರೇನೋ, ನಿದ್ದೆಯ ಚುಚ್ಚುಮದ್ದು ಕೊಡುತ್ತಾರೇನೋ ಎಂದು ನಡುಗಿದೆ. ರಾತ್ರಿ ಪಾಳಿಯ ನರ್ಸ್ ಎರಡನ್ನೂ ಮಾಡಲಿಲ್ಲ. ಅಮ್ಮನ ಕನ್ನಡಕ ಎಲ್ಲಿ, ಕಿವಿಯ ಯಂತ್ರ ಎಲ್ಲಿ ಎಂದು ಕೇಳಿದರು. ಎರಡನ್ನೂ ಆಪರೇಷನ್ ದಿನ ಕಳೆದುಹೋಗದಿರಲೆಂದು ನಾನೇ ಚೀಲದಲ್ಲಿ ಕಟ್ಟಿಟ್ಟಿದ್ದೆ. ನರ್ಸ್ ಅವನ್ನು ಅಮ್ಮನಿಗೆ ಹಾಕಿ, ಸಣ್ಣ ದೀಪ ಹೊತ್ತಿಸಿ, ಎದುರು ಕುಳಿತು ತುಳುವಿನಲ್ಲಿಯೇ ನಿಧಾನವಾಗಿ ಊರು ಯಾವುದು, ಇದು ಯಾವ ಜಾಗ ಎಂದು ಮಾತನಾಡಿಸಿದರು. ಸೋಮವಾರದಿಂದ ಇದ್ದ ಮೂತ್ರದ ನಳಿಕೆ ಇನ್ನೂ ಯಾಕಿದೆ ಎಂದು ಕರ್ತವ್ಯದಲ್ಲಿದ್ದ ವೈದ್ಯರನ್ನು ಕೇಳಿ, ಬೆಳಗಾಗುವುದರೊಳಗೆ ತೆಗೆಸಿದರು. ಶುಕ್ರವಾರದ ಹೊತ್ತಿಗೆ ಅಮ್ಮ ಮೊದಲಿನಂತಾದರು. ದೊಡ್ಡ ಆಪರೇಷನ್ ಆದ ವೃದ್ಧರಲ್ಲಿ ಹೀಗೆ ಬುದ್ಧಿ ಕಲಕುವುದು ಸಾಮಾನ್ಯ, ಹುಚ್ಚಲ್ಲ ಎಂದು ಮುಂಚೆಯೇ ಯಾರಾದರೂ ಒಂದು ಮಾತು ಹೇಳಿದ್ದರೆ ನಾನು ಆ ರಾತ್ರಿ ಹಾಗೆ ಅಳುತ್ತಿರಲಿಲ್ಲ. ಈ ಆಸ್ಪತ್ರೆಯ ಮೇಲೆ ನನ್ನ ಮೊದಲ ದೂರು ಇದು.

ಉಳಿದ ದೂರುಗಳು ಹಣದವು ಮತ್ತು ಕಾಗದದವು. ಅಂದಾಜು ಎಂದು ಹೇಳಿದ್ದು 1,60,000 ರೂಪಾಯಿ, ಕಟ್ಟಿದ್ದು 1,82,350. ಹೆಚ್ಚಾದ 22,350ರಲ್ಲಿ ರಕ್ತ ಮತ್ತು ಒಂದು ದಿನದ ನಿಗಾ ಘಟಕದ ವೆಚ್ಚ ನನಗೆ ಅರ್ಥವಾಯಿತು. ಕೈಗವಸು, ಹತ್ತಿ, ಹಾಳೆ ಎಂದು ಬಿಡಿಬಿಡಿಯಾಗಿ ಸೇರಿಸಿದ ಎಂಟು ಸಾವಿರದ ವಿವರ ಕೇಳಿ ಪಡೆಯಲು ಎರಡು ಕೌಂಟರ್ ಅಲೆಯಬೇಕಾಯಿತು. ಶನಿವಾರ ಬೆಳಿಗ್ಗೆ 9.30ಕ್ಕೆ ಮನೆಗೆ ಹೋಗಬಹುದು ಎಂದರು, ಬಿಟ್ಟದ್ದು ಮಧ್ಯಾಹ್ನ 3.10ಕ್ಕೆ. ಆಪರೇಷನ್‌ಗೆ ತೋರಿಸಿದ ಅವಸರದ ಹತ್ತನೆಯ ಒಂದು ಭಾಗವನ್ನು ಬಿಲ್ಲಿಂಗ್ ವಿಭಾಗ ಕಲಿತರೂ ಸಾಕು.

ಎಲ್ಲಕ್ಕಿಂತ ದೊಡ್ಡ ಕುಂದು ಬಿಡುಗಡೆಯ ಚೀಟಿಯಲ್ಲಿತ್ತು. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಎಷ್ಟು ದಿನ, ಹೊಲಿಗೆ ಯಾವಾಗ ಬಿಚ್ಚುವುದು, ತಗ್ಗಿನ ಪೀಠದಲ್ಲಿ ಕೂರಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಎಲ್ಲ ಬರೆದಿದ್ದರು. ಮೂಳೆ ಮುರಿದದ್ದು ಯಾಕೆ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಿಂತ ಎತ್ತರದಿಂದ ಬಿದ್ದರೆ ಆರೋಗ್ಯವಂತ ಮೂಳೆ ಹೀಗೆ ಮುರಿಯುವುದಿಲ್ಲ. ಮೂರು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಕೈ ಊರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಹಾಕಿಸಿದೆವು, ವಾಸಿಯಾಯಿತು, ಮರೆತೆವು. ಅದು ಮೂಳೆ ಟೊಳ್ಳಾಗುತ್ತಿರುವುದರ ಮೊದಲ ಎಚ್ಚರಿಕೆ ಎಂದು ಆಗ ನನಗೆ ತಿಳಿದಿರಲಿಲ್ಲ, ತಿಳಿದಿದ್ದವರು ಹೇಳಲಿಲ್ಲ. 55 ಗಂಟೆಗಾಗಿ ನಾನು ಇಷ್ಟು ಕೊರಗುತ್ತೇನೆ, ಆ ಮೂರು ವರ್ಷಕ್ಕೆ ಏನು ಹೇಳಲಿ?

ಹದಿನೈದನೆಯ ದಿನ ಹೊಲಿಗೆ ಬಿಚ್ಚಿಸಲು ಹೋದಾಗ ನಾನೇ ಬಾಯಿಬಿಟ್ಟು ಕೇಳಿದೆ. ವೈದ್ಯರು ಒಪ್ಪಿಕೊಂಡರು, ಬರೆಯಬೇಕಿತ್ತು ಎಂದರು. ಮೂಳೆಯ ಸಾಂದ್ರತೆ, ವಿಟಮಿನ್ ಡಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಕೊರತೆಯಿದ್ದ ವಿಟಮಿನ್ ಡಿ ತುಂಬಿಸಿ, ಏಳನೆಯ ವಾರ ಮೂಳೆ ಸವೆಯುವುದನ್ನು ತಡೆಯುವ ಜೋಲೆಡ್ರೋನಿಕ್ ಆಮ್ಲ 5 ಮಿಲಿಗ್ರಾಂ ಡ್ರಿಪ್ ಮೂಲಕ ಕೊಟ್ಟರು. ವರ್ಷಕ್ಕೆ ಒಂದೇ ಸಲ. ಮರುದಿನ ಜ್ವರ, ಮೈಕೈ ನೋವು ಬಂದು ಎರಡು ದಿನದಲ್ಲಿ ಹೋಯಿತು. ಸೊಂಟ ಮುರಿದು 90 ದಿನದೊಳಗೆ ಈ ಔಷಧ ಶುರು ಮಾಡಿದವರಲ್ಲಿ ಹೊಸ ಮುರಿತಗಳು ಶೇಕಡಾ 35ರಷ್ಟು, ಸಾವುಗಳು ಶೇಕಡಾ 28ರಷ್ಟು ಕಡಿಮೆಯಾದವು ಎಂದು 2007ರ ಅಧ್ಯಯನವೊಂದು ತೋರಿಸಿದೆ. ಮೂರನೆಯ ಪ್ರಶ್ನೆಯಾಗಿ ಇದನ್ನು ಎಲ್ಲರೂ ಕೇಳಿ: ಇನ್ನೊಂದು ಸೊಂಟ ಮುರಿಯದಂತೆ ಏನು ಕೊಡುತ್ತೀರಿ?

ಮನೆಗೆ ಬಂದ ಮೇಲಿನ ಸೇವೆಗಳಲ್ಲಿ, ಕಾಪುವಿನ ಕಡೆಯಿಂದ ಸ್ಕೂಟರ್‌ನಲ್ಲಿ ಬರುತ್ತಿದ್ದ ಫಿಸಿಯೋಥೆರಪಿಸ್ಟ್‌ಗೆ ನನ್ನ ಮೊದಲ ನಮಸ್ಕಾರ. ಒಂದು ಸಲಕ್ಕೆ 400 ರೂಪಾಯಿ, ಹದಿನಾಲ್ಕು ಸಲ ಬಂದರು. ಮಳೆಯೆಂದು ಒಂದು ದಿನವೂ ತಪ್ಪಿಸಲಿಲ್ಲ. ಮಂಗಳೂರಿನಲ್ಲಿ 1,350 ರೂಪಾಯಿಗೆ ಕೊಂಡ ವಾಕರ್ ಗಟ್ಟಿಯಾಗಿದೆ, ಆದರೆ ಕಾಲುಗಳ ರಬ್ಬರ್ ಬುಡ ನಮ್ಮ ಒರಟು ಸಿಮೆಂಟ್ ನೆಲಕ್ಕೆ ಐದೇ ವಾರದಲ್ಲಿ ಸವೆಯಿತು. ಒಂದು ಬುಡಕ್ಕೆ 40 ರೂಪಾಯಿ, ಕೊಳ್ಳುವಾಗಲೇ ನಾಲ್ಕು ಹೆಚ್ಚಾಗಿ ತಂದಿಟ್ಟುಕೊಳ್ಳಿ.

ಅಮ್ಮನಿಗೆ ಸೊಂಟಕ್ಕಿಂತ ಹೆಚ್ಚು ನೋವಾದದ್ದು ಹೆರೆಮಣೆಯ ವಿಷಯಕ್ಕೆ. ತಗ್ಗಿನಲ್ಲಿ ಕೂರಬಾರದು ಎಂದ ಮೇಲೆ ಹೆರೆಮಣೆಯ ಮೇಲೆ ಕೂರುವಂತಿಲ್ಲ. ಅರವತ್ತು ವರ್ಷ ದಿನವೂ ಕಾಯಿ ಹೆರೆದವರು. ಮಣೆಯ ನಡುವೆ ಅವರು ಕುಳಿತ ಜಾಗ ತಗ್ಗಾಗಿ ನುಣುಪಾಗಿದೆ. ಮೇಜಿಗೆ ಬಿಗಿಯುವ ತುರಿಯುವ ಯಂತ್ರ ತಂದುಕೊಟ್ಟೆ. ಮೊದಲ ವಾರ ಮುಟ್ಟಲಿಲ್ಲ. ಎರಡನೆಯ ವಾರ ವಾಕರ್ ಹಿಡಿದು ನಿಂತು, ಒಂದು ಕಡಿ ಕಾಯಿ ಹೆರೆದು, ತುರಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ದಪ್ಪವಾಯಿತು ಎಂದರು.

ಅಂಗಳಕ್ಕೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿದ್ದೇನೆ. ಜಗಲಿಯಿಂದ ತುಳಸಿಕಟ್ಟೆಯವರೆಗೆ ಹಿಡಿದು ನಡೆಯಲು ಕಬ್ಬಿಣದ ಕೊಳವೆ ನಿಲ್ಲಿಸಿದೆವು, ಕೂಲಿ ಸೇರಿ 6,200 ರೂಪಾಯಿ. ಮಳೆ ಇರುವ ದಿನ ಅಮ್ಮ ಅಂಗಳಕ್ಕೆ ಇಳಿಯುವುದಿಲ್ಲ. ಜಗಲಿಯ ಅಂಚಿನಲ್ಲಿ ವಾಕರ್ ಊರಿ ನಿಂತು, ಯಾವ ಗೆಲ್ಲಿನ ಹೂವು ಕೊಯ್ಯಬೇಕು, ಯಾವುದನ್ನು ನಾಳೆಗೆ ಬಿಡಬೇಕು ಎಂದು ನನಗೆ ಹೇಳುತ್ತಾರೆ.